‘ಪಾಷಂಡ’ ಪದಕ್ಕೆ ಒಂದೇ ಅರ್ಥ ಬರೆಸಬೇಡಿ: ಪಠ್ಯಪುಸ್ತಕ ಸಮಿತಿಗೆ ಒಂದು ಬಹಿರಂಗ ಪತ್ರ

ಶಾಲಾ ಪಠ್ಯಪುಸ್ತಕಗಳನ್ನು ಬರೆಯುವ, ತಿದ್ದುವ, ಪರಿಷ್ಕರಿಸುವ ಸಮಿತಿಯ ಎಲ್ಲ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಶಿಕ್ಷಕಿ. 22 ವರ್ಷದಿಂದ ಇದೇ ಕೆಲಸ. ಈ ಪತ್ರ ಒಂದೇ ಒಂದು ಪದದ ಬಗ್ಗೆ. ಪಾಷಂಡ. ಒಂದು ಪದಕ್ಕೆ ಇಷ್ಟುದ್ದ ಪತ್ರ ಬೇಕಾ ಅಂತ ನಿಮಗೆ ಅನಿಸಬಹುದು. ಆ ಪದ ನನ್ನ ತರಗತಿಯಲ್ಲಿ ಎಬ್ಬಿಸಿದ ಜಗಳ ನೋಡಿದ ಮೇಲೆ ಸುಮ್ಮನಿರಲು ನನಗೆ ಆಗಲಿಲ್ಲ.

ನಡೆದದ್ದು ಹೀಗೆ. ಎಂಟನೇ ತರಗತಿಗೆ ಮೌರ್ಯರ ಪಾಠ ಮಾಡುತ್ತಿದ್ದೆ. ಅಶೋಕನ ಶಾಸನಗಳಿಂದ ಒಂದೊಂದು ಸಾಲು ಹುಡುಕಿ ತಂದು ಓದಿ ಅಂತ ಮಕ್ಕಳಿಗೆ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಗೈಡಿನಿಂದ ಒಂದು ಸಾಲು ಬರೆದುಕೊಂಡು ಬಂದಿದ್ದ. ದೇವಾನಾಂಪ್ರಿಯ ರಾಜನು ಎಲ್ಲ ಪಾಷಂಡರನ್ನೂ ದಾನದಿಂದ, ಸತ್ಕಾರದಿಂದ ಗೌರವಿಸುತ್ತಾನೆ ಎನ್ನುವ ಸಾಲು. ಅದರ ಕೆಳಗೆ ಗೈಡಿನವರೇ ಕೊಟ್ಟ ಅರ್ಥವನ್ನೂ ಬರೆದುಕೊಂಡಿದ್ದ: ಪಾಷಂಡ ಎಂದರೆ ನಾಸ್ತಿಕ, ಕಪಟ ಸನ್ಯಾಸಿ. ಓದಿ ಮುಗಿಸಿ ನನ್ನ ಮುಖ ನೋಡಿದ. "ಮಿಸ್, ಕಳ್ಳ ಸನ್ಯಾಸಿಗಳಿಗೆ ಅಶೋಕ ಯಾಕೆ ಸನ್ಮಾನ ಮಾಡಿದ?"

ಪ್ರಶ್ನೆ ಸರಿಯಾಗೇ ಇತ್ತು. ಗೈಡಿನ ಅರ್ಥ ನಂಬಿದರೆ ಯಾರಿಗಾದರೂ ಬರಬೇಕಾದ ಪ್ರಶ್ನೆ ಅದು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ ಹುಡುಗ ಎದ್ದ. ಅವರ ಮಾವನ ಮೊಬೈಲಿಗೆ ಮೆಸೇಜ್ ಬಂದಿತ್ತಂತೆ, ಅಶೋಕ ಧರ್ಮ ಬಿಟ್ಟವರನ್ನೆಲ್ಲ ಪೂಜೆ ಮಾಡಿ ದೇಶ ಹಾಳು ಮಾಡಿದ, ಅವನ ಶಾಸನದಲ್ಲೇ ಅದಕ್ಕೆ ಸಾಕ್ಷಿ ಇದೆ ಅಂತ. ಅಷ್ಟಕ್ಕೆ ಅವನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಕೂಗಿದ. ಪಾಷಂಡ ಅನ್ನೋದು ಬೌದ್ಧರನ್ನು ಬೈಯೋಕೆ ಅಂತಲೇ ಮಾಡಿದ ಪದ, ಅಶೋಕ ಅದನ್ನು ಬರೆಸಿರೋಕೆ ಸಾಧ್ಯವೇ ಇಲ್ಲ, ಯಾರೋ ಆಮೇಲೆ ಸೇರಿಸಿದ್ದಾರೆ, ನಮ್ಮಣ್ಣ ಹೇಳಿದ್ದಾನೆ ಅಂತ. ಮಾತಿಗೆ ಮಾತು ಬೆಳೆಯಿತು. ಜಾತಿಯ ಮಾತೂ ಬಂತು. ಮರುದಿನ ಆ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತಿದ್ದರು. 13 ವರ್ಷದ ಮಕ್ಕಳು. ಇಬ್ಬರೂ ಮನೆಯಿಂದ ಒಂದೊಂದು ಅರ್ಥ ಹೊತ್ತು ತಂದಿದ್ದರು, ಗೈಡು ಮೂರನೆಯದನ್ನು ಕೊಟ್ಟಿತ್ತು. ಕಲ್ಲಿನ ಮೇಲೆ ಆ ಪದ ಏನು ಹೇಳುತ್ತಿದೆ ಅನ್ನೋದನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಾನು ಎರಡು ಪೀರಿಯಡ್ ಆ ಒಂದೇ ಪದಕ್ಕೆ ಕೊಟ್ಟೆ. ಪೋರ್ಷನ್ ಹಿಂದೆ ಬಿತ್ತು, ಬೀಳಲಿ ಅಂತ ಬಿಟ್ಟೆ. ಮಕ್ಕಳಿಗೆ ಅರ್ಥವಾಯಿತು ಅಂತ ಸಮಾಧಾನವೂ ಆಗಿತ್ತು. ಕೆಲವು ತಿಂಗಳ ನಂತರ ತಾಲ್ಲೂಕು ಮಟ್ಟದ ಒಂದು ಸ್ಪರ್ಧಾ ಪರೀಕ್ಷೆ ನಡೆಯಿತು. ಅದರಲ್ಲಿ ಒಂದು ಅಂಕದ ಪ್ರಶ್ನೆ: ‘ಪಾಷಂಡ’ ಪದದ ಅರ್ಥ ಬರೆಯಿರಿ. ನನ್ನ ತರಗತಿಯ ಹುಡುಗಿಯೊಬ್ಬಳು ಬರೆದಳು: "ಅಶೋಕನ ಕಾಲದಲ್ಲಿ ಎಲ್ಲ ಪಂಥದವರಿಗೂ ಹೇಳುವ ಪದ. ಆಮೇಲೆ ಬೈಗುಳ ಆಯಿತು." ಎರಡೇ ವಾಕ್ಯ. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ಸೊನ್ನೆ. ಕೀ ಆನ್ಸರ್‌ನಲ್ಲಿ ‘ನಾಸ್ತಿಕರು’ ಅಂತ ಇತ್ತು, ತಿದ್ದಿದವರು ಅದನ್ನು ನೋಡಿಕೊಂಡು ತಿದ್ದಿದ್ದರು. ಅವರನ್ನು ನಾನು ದೂರುವುದಿಲ್ಲ. ಕಂತೆ ಕಂತೆ ಪತ್ರಿಕೆ ತಿದ್ದುವಾಗ ಕೀ ಆನ್ಸರ್ ಬಿಟ್ಟು ಯೋಚನೆ ಮಾಡಲು ಪುರುಸೊತ್ತು ಇರಲ್ಲ, ನಾನೂ ಹಾಗೆ ತಿದ್ದಿದವಳೇ. ಆದರೆ ಆ ಸೊನ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಸರಿಯಾಗಿ ಕಲಿತ ಮಗುವಿಗೆ ಶಿಕ್ಷೆ ಆಯಿತು ಅಲ್ವಾ?

ಹಾಗಾಗಿ ನನಗೆ ಗೊತ್ತಿರುವುದನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮಲ್ಲಿ ಹಲವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಇದು ಮಕ್ಕಳ ಪುಸ್ತಕಕ್ಕೆ ಬರುತ್ತಿಲ್ಲ ಅನ್ನೋದೇ ನನ್ನ ದೂರು.

ಮೊದಲು ನಮ್ಮ ನಾಡಿನ ಕಲ್ಲಿನಿಂದಲೇ ಶುರು ಮಾಡೋಣ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿ ದಡದಲ್ಲಿ ಸನ್ನತಿ ಇದೆ. ಅಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದೊಳಗೆ ಕಾಳಿಯ ಗುಡಿ. 1986ರಲ್ಲಿ ಆ ಗುಡಿಯ ಚಾವಣಿ ಕುಸಿಯಿತು. ಒಳಗಿನದ್ದನ್ನು ತೆರವು ಮಾಡುವಾಗ ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅಶೋಕನ ಶಾಸನ. ಮೂರ್ತಿ ನಿಲ್ಲಿಸಲು ಮಧ್ಯದಲ್ಲಿ ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಹೋಗಿವೆ. ಉಳಿದ ಅಕ್ಷರಗಳಿಂದ ಅದು ಯಾವ ಶಾಸನ ಅಂತ ಗುರುತಿಸಿದರು. ಒಂದು ಬದಿಯಲ್ಲಿ ಅಶೋಕನ ದೊಡ್ಡ ಬಂಡೆ ಶಾಸನಗಳ ಪೈಕಿ 12 ಮತ್ತು 14ನೆಯವು, ಇನ್ನೊಂದು ಬದಿಯಲ್ಲಿ ಕಳಿಂಗದಲ್ಲಿ ಸಿಗುವ ಎರಡು ಪ್ರತ್ಯೇಕ ಶಾಸನಗಳು.

ಆ 12ನೇ ಶಾಸನ ಇರುವುದೇ ಪಾಷಂಡರ ಬಗ್ಗೆ. ಮೊದಲಿಂದ ಕೊನೆವರೆಗೂ ಅದೇ ವಿಷಯ. ಪ್ರಾಕೃತದಲ್ಲಿ ‘ಪಾಸಂಡ’. ನಮ್ಮ ಗುಡಿಯೊಂದರ ಮೂರ್ತಿಯ ಕೆಳಗೆ ಈ ಮಾತು ಎಷ್ಟು ಕಾಲ ಮಲಗಿತ್ತೋ! ನಮ್ಮ ಮಕ್ಕಳು ಗುಜರಾತಿನ ಗಿರ್ನಾರ್ ಬಂಡೆಯ ಹೆಸರು ಬಾಯಿಪಾಠ ಮಾಡುತ್ತಾರೆ. ಸನ್ನತಿಯ ಕಲ್ಲು ಏನು ಹೇಳುತ್ತದೆ ಅಂತ ಕೇಳಿದರೆ ಒಬ್ಬರೂ ಕೈ ಎತ್ತುವುದಿಲ್ಲ.

ಅದು ಹೇಳುವುದು ಇಷ್ಟು. ಸನ್ನತಿಯ ಪ್ರತಿ ಹಾಳಾಗಿರುವುದರಿಂದ ಗಿರ್ನಾರ್ ಮೊದಲಾದ ಕಡೆಯ ಪಾಠವನ್ನು ಇಟ್ಟುಕೊಂಡು ನನ್ನ ಮಾತಿನಲ್ಲಿ ಹೇಳುತ್ತಿದ್ದೇನೆ. ರಾಜ ಎಲ್ಲ ಪಾಷಂಡರನ್ನೂ ಗೌರವಿಸುತ್ತಾನೆ, ಮನೆ ಬಿಟ್ಟ ಸನ್ಯಾಸಿಗಳನ್ನೂ ಮನೆಯಲ್ಲೇ ಇರುವ ಗೃಹಸ್ಥರನ್ನೂ. ಆದರೆ ದಾನ, ಸನ್ಮಾನಕ್ಕಿಂತ ದೊಡ್ಡದು ಆ ಎಲ್ಲ ಪಂಥಗಳ ಸಾರ ಬೆಳೆಯುವುದು. ಅದಕ್ಕೆ ಬೇರು ಯಾವುದು? ‘ವಚಿಗುತಿ’, ಅಂದರೆ ನಾಲಿಗೆ ಮೇಲೆ ಹಿಡಿತ. ಸಂದರ್ಭ ಇಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಬೇರೆಯವರ ಪಂಥವನ್ನು ತೆಗಳಬಾರದು. ಸಂದರ್ಭ ಬಂದರೂ ಮಾತು ಹಗುರವಾಗಿರಬೇಕು. ತನ್ನ ಪಂಥದ ಮೇಲಿನ ಅಭಿಮಾನಕ್ಕೆ ಇನ್ನೊಬ್ಬರನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಪೆಟ್ಟು ಕೊಡುತ್ತಾನೆ. ಆಮೇಲೆ ಒಂದು ಚಿಕ್ಕ ಮಾತು: ‘ಸಮವಾಯೋ ಏವ ಸಾಧು’. ಒಟ್ಟು ಸೇರುವುದೇ ಒಳ್ಳೆಯದು. ಯಾಕೆ ಸೇರಬೇಕು? ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ ಅಂತ.

ಇಲ್ಲಿ ‘ತನ್ನ ಪಾಷಂಡ’ ಮತ್ತು ‘ಪರರ ಪಾಷಂಡ’ ಅಂತ ಎರಡೂ ಬರುತ್ತವೆ, ಅದನ್ನು ದಯವಿಟ್ಟು ಗಮನಿಸಿ. ಪಾಷಂಡ ಅಂದರೆ ಕಪಟ ಸನ್ಯಾಸಿ ಆಗಿದ್ದರೆ ‘ತನ್ನ ಪಾಷಂಡ’ ಅನ್ನೋ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಯಾರು ತಮ್ಮನ್ನು ತಾವೇ ಕಳ್ಳ ಸನ್ಯಾಸಿ ಅಂತ ಕರೆದುಕೊಳ್ಳುತ್ತಾರೆ? ಇಷ್ಟನ್ನು ಬೋರ್ಡ್ ಮೇಲೆ ಬರೆದು ಬಿಟ್ಟೆ. ಮಕ್ಕಳೇ ಹೇಳಿದರು, ಹಾಗಾದರೆ ಅದು ಬೈಗುಳ ಅಲ್ಲ ಮಿಸ್, ಪಂಥ ಅಂತಲೋ ಮತ ಅಂತಲೋ ಇರಬೇಕು ಅಂತ. ನನ್ನ ಕಡೆಯಿಂದ ಒಂದು ಮಾತೂ ಬೇಕಾಗಲಿಲ್ಲ.

ಸ್ತಂಭಗಳ ಮೇಲಿನ 7ನೇ ಶಾಸನದಲ್ಲಿ ಅಶೋಕ ತನ್ನ ಧಮ್ಮ ಮಹಾಮಾತ್ರರು ಅನ್ನುವ ಅಧಿಕಾರಿಗಳು ಯಾರ್ಯಾರ ನಡುವೆ ಕೆಲಸ ಮಾಡುತ್ತಾರೆ ಅಂತ ಹೇಳುತ್ತಾನೆ. ಬೌದ್ಧ ಸಂಘ, ಬ್ರಾಹ್ಮಣರು, ಆಜೀವಿಕರು, ನಿಗ್ರಂಥರು, ಬೇರೆ ಬೇರೆ ಪಾಷಂಡರು. ಆಜೀವಿಕರು ಆಗಿನ ಒಂದು ಸನ್ಯಾಸಿ ಪಂಥದವರು, ನಿಗ್ರಂಥರು ಅಂದರೆ ಜೈನರು. ಅಂದರೆ ಆಗ ಅದು ಆಡಳಿತದ ಪದವೂ ಆಗಿತ್ತು. ಪಟ್ಟವಾಗಿ 13 ವರ್ಷ ಆದ ಮೇಲೆ ಈ ಅಧಿಕಾರಿಗಳನ್ನು ನೇಮಿಸಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಇನ್ನು 7ನೇ ಬಂಡೆ ಶಾಸನದ ಮೊದಲ ಮಾತು, ಎಲ್ಲ ಪಾಷಂಡರೂ ಎಲ್ಲ ಕಡೆ ವಾಸ ಮಾಡಲಿ ಅನ್ನೋದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಉಲ್ಟಾ ಬರುತ್ತದೆ.

ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ 1963ರಲ್ಲಿ ಸಿಕ್ಕ ಗ್ರೀಕ್ ಶಾಸನದಲ್ಲಿ ಇದೇ 12ನೇ ಶಾಸನದ ಕೊನೆಯ ಭಾಗ ಇದೆ. ಅಲ್ಲಿ ಪಾಷಂಡಕ್ಕೆ ಅನುವಾದಕ ಇಟ್ಟ ಪದ ‘ಡಯಾಟ್ರಿಬೆ’. ಗ್ರೀಕರಿಗೆ ಅದು ಗುರು ಶಿಷ್ಯರು ಕೂತು ಕಲಿಯುವ, ಚರ್ಚೆ ಮಾಡುವ ಶಾಲೆ, ಚಿಂತನೆಯ ಪಂಥ. ನಮ್ಮ ಪದಕ್ಕೆ ಆ ಕಾಲದಲ್ಲಿ ಎಷ್ಟು ಮರ್ಯಾದೆ ಇತ್ತು ಅನ್ನೋದಕ್ಕೆ ಹೊರಗಿನವರ ಸಾಕ್ಷಿ ಇದು. ಇದೇ ಗ್ರೀಕ್ ಪದ ಇಂಗ್ಲಿಷಿಗೆ ಹೋಗಿ ಇವತ್ತು ‘ಡಯಾಟ್ರಿಬ್’ ಅಂದರೆ ಉದ್ದಕ್ಕೆ ಬೈಯುವ ಮಾತು ಅಂತಾಗಿದೆ. ಎರಡು ಭಾಷೆಗಳ ಎರಡು ಪದ ಒಂದೇ ಗುಂಡಿಗೆ ಬಿದ್ದವು.

ಅಶೋಕನೊಬ್ಬನೇ ಹೀಗೆ ಬಳಸಿದ್ದಲ್ಲ. ಒಡಿಶಾದ ಉದಯಗಿರಿಯ ಹಾಥಿಗುಂಫಾದಲ್ಲಿ ಕಳಿಂಗದ ರಾಜ ಖಾರವೇಲ ತನ್ನನ್ನು ‘ಸವ ಪಾಸಂಡ ಪೂಜಕೋ’ ಅಂತ ಕರೆದುಕೊಂಡಿದ್ದಾನೆ, ಎಲ್ಲ ಪಂಥಗಳನ್ನೂ ಪೂಜಿಸುವವನು ಅಂತ. ಖಾರವೇಲ ಜೈನ. ಅವನಿಗೆ ಅದು ಬಿರುದು. ಜೈನ ಗುರು ಕೊಂಡಕುಂದಾಚಾರ್ಯರ ಪ್ರಾಕೃತದಲ್ಲೂ ಒಂದು ಕಡೆ ‘ಪಾಸಂಡಿ’ ಅಂದರೆ ಸುಮ್ನೆ ಮುನಿ, ಮನೆ ಬಿಟ್ಟವನು.

ಹಾಗಾದರೆ ಬೈಗುಳ ಎಲ್ಲಿಂದ ಬಂತು?

ಮನುಸ್ಮೃತಿಯಲ್ಲಿ ಇದೇ ಪದ ತಲೆಕೆಳಗಾಗಿ ನಿಂತಿದೆ. 4ನೇ ಅಧ್ಯಾಯದಲ್ಲಿ, ಪಾಷಂಡಿಗಳನ್ನು ಬಾಯಿ ಮಾತಿನಿಂದಲೂ ಗೌರವಿಸಬೇಡ ಅಂತ ಇದೆ. 9ನೇ ಅಧ್ಯಾಯದಲ್ಲಿ, ಜೂಜುಕೋರರು, ಹೆಂಡ ಮಾರುವವರು ಇವರ ಜೊತೆಗೆ ಪಾಷಂಡರನ್ನೂ ಸೇರಿಸಿ ಬೇಗ ಊರಿಂದ ಹೊರಗೆ ಹಾಕು ಅಂತ ರಾಜನಿಗೆ ಹೇಳಿದೆ. ಅಶೋಕ ಎಲ್ಲ ಕಡೆ ಇರಲಿ ಅಂದ, ಇಲ್ಲಿ ಊರು ಬಿಡಿಸು ಅಂತಿದೆ. ಕೌಟಿಲ್ಯನ ಅರ್ಥಶಾಸ್ತ್ರವೂ ಪಾಷಂಡರಿಗೆ ಸ್ಮಶಾನದ ಅಂಚಿನಲ್ಲಿ, ಚಂಡಾಲರ ಜೊತೆ ಜಾಗ ತೋರಿಸುತ್ತದೆ. ಪದ ಅದೇ. ರಾಜ ಮಾಡಬೇಕಾದ ಕೆಲಸ ಮಾತ್ರ ಪೂರ್ತಿ ಉಲ್ಟಾ. ಪಾಷಂಡ ಅಂದರೆ ಇಲ್ಲಿ ವೇದವನ್ನು ಒಪ್ಪದವನು. ‘ಪಾ’ ಅಂದರೆ ಮೂರು ವೇದಗಳ ಧರ್ಮ, ಅದನ್ನು ಖಂಡಿಸುವವನು ಪಾಖಂಡ (ಪಾಷಂಡದ್ದೇ ಇನ್ನೊಂದು ರೂಪ) ಅಂತ ಆಮೇಲೆ ವ್ಯುತ್ಪತ್ತಿಯನ್ನೂ ಕಟ್ಟಿದರು. ಆದರೆ ಅಶೋಕನದೇ ಶಾಸನ ಇರುವ, ಈಗಿನ ಪಾಕಿಸ್ತಾನದ ಷಾಹ್‌ಬಾಜ್‌ಗಢಿಯ ಬಂಡೆಯಲ್ಲಿ ಈ ಪದ ‘ಪ್ರಷಂಡ’ ಅಂತ ಇದೆ. ಅಲ್ಲಿ ‘ಪಾ’ ಎಲ್ಲಿ, ‘ಖಂಡ’ ಎಲ್ಲಿ?

ವಿಷ್ಣು ಪುರಾಣದ 3ನೇ ಅಂಶದಲ್ಲಿ ಶತಧನು ರಾಜನ ಕಥೆ ಬರುತ್ತದೆ. ರಾಜ, ರಾಣಿ ಶೈವ್ಯೆ ಇಬ್ಬರೂ ಉಪವಾಸ ಇದ್ದು ಗಂಗೆಯಲ್ಲಿ ಸ್ನಾನ ಮಾಡಿ ಮೇಲೆ ಬರುತ್ತಾರೆ. ಎದುರಿಗೆ ಒಬ್ಬ ಪಾಷಂಡಿ. ಅವನು ರಾಜನಿಗೆ ಬಿಲ್ಲುವಿದ್ಯೆ ಕಲಿಸಿದ ಗುರುವಿನ ಗೆಳೆಯ. ಆ ಮರ್ಯಾದೆಗೆ ರಾಜ ಅವನ ಜೊತೆ ಮಾತಾಡುತ್ತಾನೆ. ರಾಣಿ ಮಾತಾಡುವುದಿಲ್ಲ, ಸೂರ್ಯನ ಕಡೆ ಮುಖ ಮಾಡುತ್ತಾಳೆ. ಅಷ್ಟೇ ನಡೆದದ್ದು. ಆ ಮಾತಿನ ತಪ್ಪಿಗೆ ರಾಜ ಮುಂದಿನ ಜನ್ಮದಲ್ಲಿ ನಾಯಿಯಾಗುತ್ತಾನೆ. ಆಮೇಲೆ ನರಿ, ತೋಳ, ಹದ್ದು, ಕಾಗೆ, ನವಿಲು. ಪ್ರತಿ ಜನ್ಮದಲ್ಲೂ ರಾಣಿ ಹುಡುಕಿಕೊಂಡು ಬಂದು, ನೀನು ಪಾಷಂಡಿಯ ಜೊತೆ ಮಾತಾಡಿದ್ದಕ್ಕೆ ಹೀಗಾಗಿದೆ ಅಂತ ನೆನಪು ಮಾಡುತ್ತಾಳೆ. ಅಶೋಕನಿಗೆ ನಾಲಿಗೆಯ ಹಿಡಿತ ಅಂದರೆ ಪರರನ್ನು ಹಳಿಯದೆ ಇರುವುದು. ಈ ಕಥೆಯಲ್ಲಿ ನಾಲಿಗೆಯ ಹಿಡಿತ ಅಂದರೆ ಪರರ ಜೊತೆ ಮಾತೇ ಆಡದೆ ಇರುವುದು. ನನ್ನ ತರಗತಿಯ ಆ ಇಬ್ಬರು ಹುಡುಗರು ಮರುದಿನ ಬೆಂಚು ಬದಲಾಯಿಸಿದ್ದು ನೋಡಿದಾಗ ನನಗೆ ನೆನಪಾದದ್ದು ಈ ಕಥೆಯೇ.

ಆದರೆ ಇಲ್ಲಿಗೆ ನಿಲ್ಲಿಸಿ, ನೋಡಿ ವೈದಿಕರು ಒಳ್ಳೆಯ ಪದವನ್ನು ಕೆಡಿಸಿದರು ಅಂತ ಹೇಳಿಬಿಟ್ಟರೆ ಅದೂ ಅರ್ಧ ಸತ್ಯ. ಈ ಪದವನ್ನು ಕಲ್ಲು ಮಾಡಿ ಎಸೆಯದವರು ಕಡಿಮೆ. ಪಾಲಿ ಗ್ರಂಥಗಳಲ್ಲಿ ಬೌದ್ಧರು ಅನ್ಯಮತದವರಿಗೆ ಇದನ್ನು ಹೇಳಿದರು. ಜೈನರಲ್ಲಿ ಸಮಂತಭದ್ರರು ಗೃಹಸ್ಥರಿಗೆ ಹೇಳಿದ ಮೂರು ಮೂಢತೆಗಳಲ್ಲಿ ಪಾಷಂಡಿ ಮೂಢತೆಯೂ ಒಂದು, ಆಸ್ತಿ, ಹಿಂಸೆ ಬಿಡದ ಗುರುಗಳಿಗೆ ಮರುಳಾಗುವುದು ಅಂತ ಅದರ ಅರ್ಥ. ಪದ್ಮ ಪುರಾಣದ ಉತ್ತರಖಂಡದಲ್ಲಿ ಶೈವರೇ ಪಾಷಂಡರು. 1867ರಲ್ಲಿ ಹರಿದ್ವಾರದ ಕುಂಭಮೇಳದಲ್ಲಿ ದಯಾನಂದ ಸರಸ್ವತಿಯವರು ‘ಪಾಖಂಡ ಖಂಡಿನಿ ಪತಾಕೆ’ ನೆಟ್ಟರು. ಅವರು ವೇದ ಒಪ್ಪಿದವರು, ಅವರ ಕಣ್ಣಿಗೆ ಪಾಖಂಡ ಕಂಡದ್ದು ಪೂಜಾರಿ ಪಂಡಿತರಲ್ಲಿ, ಮೂರ್ತಿಪೂಜೆಯಲ್ಲಿ. ಇವತ್ತು ಟಿವಿಯಲ್ಲಿ ವಿಚಾರವಾದಿಗಳು ಬಾಬಾಗಳನ್ನು ಪಾಖಂಡಿ ಅಂತಾರೆ, ಬಾಬಾಗಳ ಕಡೆಯವರು ವಿಚಾರವಾದಿಗಳನ್ನು ಪಾಷಂಡಿ ಅಂತಾರೆ. ಯಾರ ಕೈಗೆ ಸಿಕ್ಕರೂ ಅದು ಎದುರಿನವರ ಮೇಲೇ ಬೀಳುತ್ತದೆ.

ಈಗ ಶ್ರವಣಬೆಳಗೊಳಕ್ಕೆ ಬನ್ನಿ. ಭಂಡಾರಿ ಬಸದಿಯಲ್ಲಿ 1368ರ ಶಾಸನ ಇದೆ, ಬುಕ್ಕರಾಯನದು. ಇದನ್ನು ಮಕ್ಕಳು ಓದಿಯೇ ಇರುತ್ತಾರೆ. ಜೈನರಿಗೂ ವೈಷ್ಣವರಿಗೂ ಜಗಳ ಬಂತು, ಜೈನರು ಹೋಗಿ ದೂರು ಕೊಟ್ಟರು, ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದ ಇಲ್ಲ ಅಂದ. ಜೈನರಿಗೆ ಪಂಚಮಹಾವಾದ್ಯ, ಕಲಶದ ಹಕ್ಕು ಹಿಂದಿನಂತೆ ನಡೆಯಲಿ ಅಂದ. ನಾವು ಪಾಠದಲ್ಲಿ ಹೇಳುವುದು ಇಷ್ಟೇ, ಹೇಳಿ ಹೆಮ್ಮೆ ಪಡುತ್ತೇವೆ. ಪಡಬೇಕು ಕೂಡ.

ಆದರೆ ಆ ಶಾಸನದ ಮೊದಲ ಶ್ಲೋಕ ನೀವು ಪುಸ್ತಕದಲ್ಲಿ ಹಾಕುವುದಿಲ್ಲ. ಅದು ರಾಮಾನುಜರ ಸ್ತುತಿ. ‘ಪಾಷಂಡ ಸಾಗರ ಮಹಾ ಬಡಬಾಮುಖಾಗ್ನಿ’ ಅಂತಲೇ ಶುರುವಾಗುತ್ತದೆ. ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ, ಅಂದರೆ ಕಡಲೊಳಗಿನ ಬೆಂಕಿ, ರಾಮಾನುಜರು ಅಂತ. ಶ್ರೀವೈಷ್ಣವರ ಬಾಯಲ್ಲಿ ಪಾಷಂಡರು ಅಂದರೆ ಅದರಲ್ಲಿ ಜೈನರೂ ಸೇರಿದರು. ಆ ಶ್ಲೋಕ ನಿಂತಿರುವುದು ಜೈನರ ಬಸದಿಯಲ್ಲಿ, ಜೈನರಿಗೆ ನ್ಯಾಯ ಕೊಟ್ಟ ಕಲ್ಲಿನ ಮೇಲೆ. ಮೇಲೆ ಪಾಷಂಡರನ್ನು ಸುಡುವ ಬೆಂಕಿ, ಕೆಳಗೆ ಭೇದವಿಲ್ಲ ಅನ್ನುವ ತೀರ್ಪು, ಒಂದೇ ಕಲ್ಲು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ನಾನು ಆ ಸಾಲನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿದ್ದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮಕ್ಕಳು ಕಲ್ಲಿನ ಮುಂದೆ ಎಷ್ಟೋ ಹೊತ್ತು ನಿಂತರು. ಒಬ್ಬಳು ಕೇಳಿದಳು, "ಮಿಸ್, ಇದನ್ನ ಓದಿದಾಗ ಜೈನರಿಗೆ ಬೇಜಾರಾಗ್ಲಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಥ ಪ್ರಶ್ನೆ ಹುಟ್ಟುವುದೇ ಇತಿಹಾಸದ ಪಾಠ ಅಂತ ನಾನು ನಂಬಿದ್ದೇನೆ.

ಮನೆ ಮನೆಗೆ ವರ್ಷಕ್ಕೆ 1 ಹಣದಂತೆ (ಹಣ ಅಂದರೆ ಆಗಿನ ಒಂದು ನಾಣ್ಯ) ಜೈನರಿಂದ ಎತ್ತಿ, ಅದರಿಂದ ಬೆಳಗೊಳಕ್ಕೆ 20 ಮಂದಿ ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು ಅಂತಲೂ ಆ ಶಾಸನದಲ್ಲಿದೆ. ಆ ಹೊಣೆಯನ್ನು ಕೊಟ್ಟದ್ದು ತಿರುಮಲೆಯ ತಾತಯ್ಯನಿಗೆ, ಒಬ್ಬ ವೈಷ್ಣವನಿಗೆ. ಕಾವಲಿನ ಖರ್ಚು ಜೈನರದ್ದೇ. ಕೈ ಕೈ ಸೇರಿಸಿದ ಚಿತ್ರ ಒಂದನ್ನೇ ತೋರಿಸಿದರೆ ಇದೆಲ್ಲ ಕಾಣುವುದಿಲ್ಲ.

ಮಾನ್ಯರೇ, ಈಗ ಆ ಇಬ್ಬರು ಹುಡುಗರ ಮಾತಿಗೆ ಬರುತ್ತೇನೆ. ಅಶೋಕ ಧರ್ಮದ್ರೋಹಿಗಳಿಗೆ ಸನ್ಮಾನ ಮಾಡಿದ ಅಂತ ಮೆಸೇಜ್ ಕಳಿಸಿದವರು, ಸ್ಮೃತಿ ಪುರಾಣಗಳ ಅರ್ಥವನ್ನು ಅಶೋಕನ ಕಲ್ಲಿಗೆ ಅಂಟಿಸಿದ್ದಾರೆ. ಅವನು ಗೌರವಿಸಿದ ಪಾಷಂಡರಲ್ಲಿ ಬ್ರಾಹ್ಮಣರೂ ಇದ್ದರು ಅನ್ನೋದನ್ನು ಮುಚ್ಚಿಟ್ಟಿದ್ದಾರೆ. ಇದು ಬೌದ್ಧರನ್ನು ಬೈಯಲು ಹುಟ್ಟಿಸಿದ ಪದ ಅಂತ ಹೇಳಿಕೊಟ್ಟ ಅಣ್ಣನೂ ಅದೇ ಬೈಗುಳದ ಅರ್ಥವನ್ನೇ ಹಿಡಿದಿದ್ದಾನೆ, ಹಿಡಿದು ಅಶೋಕನ ಮಾತನ್ನು ಅಶೋಕನದ್ದೇ ಅಲ್ಲ ಅಂತಾನೆ. ಇಬ್ಬರ ತಪ್ಪೂ ಒಂದೇ. ನೋವಿನ ಮೂಲ ಮಾತ್ರ ಒಂದೇ ಅಲ್ಲ. ಊರ ಹೊರಗೆ ಹಾಕಿಸಿಕೊಂಡವರ ನೆನಪು ಎರಡನೆಯವನ ಮಾತಿನ ಹಿಂದೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ನೋವು ನಿಜ ಅಂತಲೇ ಅವನಿಗೆ ಸರಿಯಾದ ಇತಿಹಾಸ ಸಿಗಬೇಕು. ತಪ್ಪು ಇತಿಹಾಸ ಇಟ್ಟುಕೊಂಡು ವಾದ ಮಾಡಿದರೆ ಎದುರಿನವರು ಒಂದೇ ಮಾತಿಗೆ ಬಾಯಿ ಮುಚ್ಚಿಸುತ್ತಾರೆ.

ಅಶೋಕನನ್ನು ದೇವರು ಮಾಡಿ ಅಂತಲೂ ನಾನು ಕೇಳುತ್ತಿಲ್ಲ. ಕಾಡಿನ ಜನರಿಗೆ ಅವನು 13ನೇ ಶಾಸನದಲ್ಲಿ ಕೊಟ್ಟ ಎಚ್ಚರಿಕೆ ಮೆತ್ತಗಿನದ್ದಲ್ಲ. ತನ್ನದೇ ಸಂಘದಲ್ಲಿ ಭೇದ ಹುಟ್ಟಿಸುವ ಭಿಕ್ಷುಗಳಿಗೆ ಬಿಳಿ ಬಟ್ಟೆ ಉಡಿಸಿ ಹೊರಗೆ ಹಾಕಿ ಅಂತ ಬರೆಸಿದವನೂ ಅವನೇ. ಅದನ್ನೂ ಮಕ್ಕಳಿಗೆ ಹೇಳೋಣ.

ಅವನ ಹೆಸರಿಗೂ ಇದೇ ಗತಿ ಬಂತು. ‘ದೇವಾನಾಂಪ್ರಿಯ’ ಅಂದರೆ ದೇವರುಗಳಿಗೆ ಪ್ರಿಯನಾದವನು. ಆ ದೇವಾನಾಂಪ್ರಿಯನೇ ಅಶೋಕ ಅಂತ ಹೆಸರು ಹೇಳಿದ ಶಾಸನ 1915ರಲ್ಲಿ ನಮ್ಮ ಮಸ್ಕಿಯಲ್ಲೇ ಸಿಕ್ಕಿತು. ಮುಂದಿನ ಕಾಲದ ಸಂಸ್ಕೃತ ವ್ಯಾಕರಣದಲ್ಲಿ ದೇವಾನಾಂಪ್ರಿಯ ಅಂದರೆ ಮೂರ್ಖ. ಇವತ್ತು ಯಾರಾದರೂ ಗೈಡಿನಲ್ಲಿ ‘ದೇವಾನಾಂಪ್ರಿಯ: ಮೂರ್ಖ’ ಅಂತ ಅಚ್ಚು ಹಾಕಿದರೆ ನೀವು ಒಪ್ಪುತ್ತೀರಾ? ಒಪ್ಪಲ್ಲ. ಪಾಷಂಡಕ್ಕೆ ಮಾತ್ರ ಯಾಕೆ ಒಪ್ಪುತ್ತಿದ್ದೀರಿ?

ನಾನು ಕೇಳುವುದು ಜಾಸ್ತಿ ಏನಿಲ್ಲ. ಅಶೋಕನ ಪಾಠದಲ್ಲಿ 12ನೇ ಶಾಸನದ ಕನ್ನಡ ಅನುವಾದವನ್ನು ಪೂರ್ತಿ ಹಾಕಿ, ಅರ್ಧ ಪುಟಕ್ಕೆ ಹಿಡಿಯುತ್ತದೆ. ಪಕ್ಕದಲ್ಲಿ ಸನ್ನತಿಯ ಕಲ್ಲಿನ ಫೋಟೋ ಇರಲಿ, ಒಡೆದ ಭಾಗವೂ ಕಾಣುವ ಹಾಗೆ. ಅನುವಾದದಲ್ಲಿ ಪಾಷಂಡ ಅನ್ನುವ ಪದ ಬಿಡಬೇಡಿ. ಜಗಳ ಯಾಕೆ ಅಂತ ‘ಧರ್ಮ’ ಅಂತಲೋ ‘ಮತ’ ಅಂತಲೋ ಬದಲಾಯಿಸಿದರೆ ಮಕ್ಕಳಿಗೆ ಪದವೇ ಸಿಗುವುದಿಲ್ಲ, ಆಮೇಲೆ ಮೊಬೈಲಿನಲ್ಲಿ ಸಿಗುತ್ತದೆ. ಪದ ಇಟ್ಟು, ಅಶೋಕನ ಕಾಲದಲ್ಲಿ ಇದರ ಅರ್ಥ ಇದು, ಸ್ಮೃತಿ ಪುರಾಣಗಳಲ್ಲಿ ಇದು, ಇವತ್ತಿನ ಮಾತಿನಲ್ಲಿ ಇದು ಅಂತ ಮೂರು ಸಾಲು ಬರೆಯಿರಿ. ವಿಜಯನಗರದ ಪಾಠದಲ್ಲಿ ಬುಕ್ಕರಾಯನ ಶಾಸನವನ್ನು ಅದರ ಮೊದಲ ಶ್ಲೋಕದ ಸಮೇತ ಕೊಡಿ. ಪದಕೋಶದಲ್ಲಿ ಯಾವ ಪಾಠದ ಪದವೋ ಆ ಕಾಲದ ಅರ್ಥವನ್ನೇ ಮೊದಲು ಹಾಕಿ. ಇಂಥ ಪದಗಳನ್ನು ಒಂದು ಅಂಕದ ಪ್ರಶ್ನೆಗೆ ಇಡಬೇಡಿ ಅಂತ ಪ್ರಶ್ನೆಪತ್ರಿಕೆ ಮಾಡುವವರಿಗೆ ನೀವೇ ಒಂದು ಸೂಚನೆ ಕಳಿಸಿ. ಇಡಲೇಬೇಕಾದರೆ ಯಾರ ಬರಹದಲ್ಲಿ, ಯಾವ ಕಾಲದಲ್ಲಿ ಅನ್ನೋದನ್ನು ಪ್ರಶ್ನೆಯಲ್ಲೇ ಸೇರಿಸಿ ಕೇಳಲಿ.

ಎಂಟನೇ ತರಗತಿಯ ಮಕ್ಕಳಿಗೆ ಇಷ್ಟೆಲ್ಲ ತಲೆಗೆ ಹತ್ತಲ್ಲ ಅಂತ ನಿಮ್ಮಲ್ಲಿ ಯಾರಾದರೂ ಹೇಳಬಹುದು. ಹತ್ತುತ್ತದೆ. ನಾನು ಮಾಡಿ ನೋಡಿದ್ದೇನೆ. ಮೊದಲು ಬೋರ್ಡ್ ಮೇಲೆ ‘ಬಟ್ಟೆ’ ಅಂತ ಬರೆದೆ. ಅರ್ಥ ಕೇಳಿದೆ. ಎಲ್ಲರೂ ಉಡುವ ಬಟ್ಟೆ ತೋರಿಸಿದರು. ಹಳೆಗನ್ನಡದಲ್ಲಿ ಬಟ್ಟೆ ಅಂದರೆ ದಾರಿ ಕಣ್ರೋ ಅಂದೆ. ನಗು ಬಂತು, ಆಶ್ಚರ್ಯವೂ ಆಯಿತು. ಪದಕ್ಕೂ ವಯಸ್ಸಾಗುತ್ತೆ, ಮನೆ ಬದಲಾಗುತ್ತೆ ಅನ್ನೋದು ಐದು ನಿಮಿಷದಲ್ಲಿ ತಲೆಗೆ ಹೋಯಿತು. ಆಮೇಲೆ ಪಾಷಂಡ ಬರೆದೆ. ಆಗ ಯಾರೂ ಜಗಳ ಆಡಲಿಲ್ಲ. ಯಾರು ಹೇಳಿದ್ದು ಮಿಸ್, ಯಾವಾಗ ಹೇಳಿದ್ದು ಮಿಸ್ ಅಂತ ಕೇಳತೊಡಗಿದರು.

ವಿವಾದ ಆಗುತ್ತದೆ, ಯಾರಾದರೂ ಬಂದು ಗಲಾಟೆ ಮಾಡುತ್ತಾರೆ ಅನ್ನುವ ಭಯ ನಿಮಗಿದ್ದರೆ ಅದೂ ನನಗೆ ಅರ್ಥವಾಗುತ್ತದೆ. ಪಠ್ಯಪುಸ್ತಕದ ಒಂದು ಸಾಲಿಗೆ ಬೀದಿಗೆ ಇಳಿಯುವ ಕಾಲ ಇದು. ಆದರೆ ನೀವು ಬಿಟ್ಟ ಜಾಗ ಖಾಲಿ ಉಳಿದಿಲ್ಲ. ಅಲ್ಲಿ ಗೈಡು ಬಂದು ಕೂತಿದೆ, ಮೆಸೇಜು ಬಂದು ಕೂತಿದೆ. ಗಲಾಟೆ ನನ್ನ ತರಗತಿಯೊಳಗೆ ಆಗಲೇ ಬಂದಾಗಿದೆ. ಅದನ್ನು ಎದುರಿಸಲು ನನ್ನ ಕೈಗೆ ಒಂದು ಸರಿಯಾದ ಪುಟ ಕೊಡಿ ಅಂತ ಕೇಳುತ್ತಿದ್ದೇನೆ. ಸೀಮೆಸುಣ್ಣ ಒಂದನ್ನೇ ಹಿಡಿದುಕೊಂಡು ಎಲ್ಲ ಶಿಕ್ಷಕರೂ ಇದನ್ನು ನಿಭಾಯಿಸಲು ಆಗುವುದಿಲ್ಲ.

ಆ ಹುಡುಗಿಯ ಉತ್ತರ ಪತ್ರಿಕೆಯ ಜೆರಾಕ್ಸ್ ಪ್ರತಿಯನ್ನು ಅವಳ ಮನೆಯವರನ್ನು ಕೇಳಿ ಪಡೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಹೆಸರು, ಶಾಲೆ, ನಂಬರ್ ಮುಚ್ಚಿದ್ದೇನೆ. ಕೆಂಪು ಗೆರೆ ಎಳೆದ ಆ ಎರಡು ವಾಕ್ಯವನ್ನು ನಿಮ್ಮ ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಜೋರಾಗಿ ಓದಿ. ತಪ್ಪು ಅನಿಸಿದರೆ ಯಾಕೆ ತಪ್ಪು ಅಂತ ನನಗೆ ಬರೆದು ತಿಳಿಸಿ, ನಾನು ಅವಳಿಗೆ ಓದಿ ಹೇಳುತ್ತೇನೆ. ಸರಿ ಅನಿಸಿದರೆ, ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಎರಡು ವಾಕ್ಯವನ್ನೇ ಪದಕೋಶದಲ್ಲಿ ಹಾಕಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ